ಊರಿನ ಹೊಲ ಬಡವಾಗದಿರಲಿ: ಉಳುಮೆ, ಹೊದಿಕೆ ಬೆಳೆ ಮತ್ತು ಮಣ್ಣಿನ ಠೇವಣಿಯ ಲೆಕ್ಕ

ಹೈದರಾಬಾದಿನಿಂದ ಬೀದರ, ಹುಮನಾಬಾದ, ಕಲಬುರಗಿ ಕಡೆಗೆ ಬಸ್ಸಿನಲ್ಲಿ ಪ್ರಯಾಣಿಸುವ ಕನ್ನಡಿಗರಿಗೆ ಪಟಂಚೇರು ಹೊಸ ಹೆಸರೇನಲ್ಲ. ಅಲ್ಲಿ ಮುಂಬಯಿ ಹೆದ್ದಾರಿಗೆ ಹೊಂದಿಕೊಂಡಂತೆ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಶಾಲವಾದ ಆವರಣವಿದೆ. 1972ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಮುಂತಾದ ಮಳೆಯಾಶ್ರಿತ ಬೆಳೆಗಳ ಸಂಶೋಧನೆಗೆ ಹೆಸರಾಗಿದೆ. ಆದರೆ ಆ ಬೇಲಿಯೊಳಗೆ 1976ರಲ್ಲಿ ಆರಂಭಗೊಂಡ ಒಂದು ಮಣ್ಣಿನ ಪ್ರಯೋಗದ ಬಗ್ಗೆ ತಿಳಿದವರು ಕಡಿಮೆ. ಬೀದರ, ಕಲಬುರಗಿ, ರಾಯಚೂರು, ವಿಜಯಪುರ ಭಾಗದಲ್ಲಿ ಹೊಲವುಳ್ಳ ಹೊರನಾಡ ಕನ್ನಡಿಗರೆಲ್ಲರೂ ತಿಳಿದುಕೊಳ್ಳಬೇಕಾದ ಸಂಗತಿ ಅದರಲ್ಲಿ ಅಡಗಿದೆ. ಏಕೆಂದರೆ ಪಟಂಚೇರಿನ ಆ ಪ್ರಯೋಗ ನಡೆದದ್ದು ನಮ್ಮ ಊರುಗಳಲ್ಲಿರುವಂಥದೇ ಕರಿ ಎರೆ ಭೂಮಿಯಲ್ಲಿ.

ಉದ್ಯೋಗಕ್ಕಾಗಿ, ವ್ಯಾಪಾರಕ್ಕಾಗಿ ಊರು ಬಿಟ್ಟು ಬಂದವರಲ್ಲಿ ಅನೇಕರು ಹಿರಿಯರಿಂದ ಬಂದ ನಾಲ್ಕಾರು ಎಕರೆಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಅಣ್ಣನೋ, ಚಿಕ್ಕಪ್ಪನ ಮಗನೋ ಅದನ್ನು ನೋಡಿಕೊಳ್ಳುತ್ತಾರೆ. ಸುಗ್ಗಿಯಾದ ಮೇಲೆ ತೊಗರಿ ಇಷ್ಟು ಚೀಲ, ಜೋಳ ಇಷ್ಟು ಚೀಲ ಎಂಬ ಲೆಕ್ಕ ದೂರವಾಣಿಯಲ್ಲಿ ಬರುತ್ತದೆ. ಆದರೆ ಹೊಲದ ಮಣ್ಣಿನಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬ ಲೆಕ್ಕವನ್ನು ಕೇಳುವವರು ವಿರಳ. ಚೀಲದ ಲೆಕ್ಕ ವರ್ಷ ವರ್ಷ ಬದಲಾಗುವಂಥದು. ಮಣ್ಣಿನ ಲೆಕ್ಕ ತಪ್ಪಿದರೆ ಮಕ್ಕಳ ಕಾಲಕ್ಕೂ ಸರಿಹೋಗಲಿಕ್ಕಿಲ್ಲ.

ಎರಡು ಹೊಲಗಳ ಕಥೆ

ಪಟಂಚೇರಿನ ಪ್ರಯೋಗದಲ್ಲಿ ಪಕ್ಕಪಕ್ಕದ ಎರಡು ಜಲಾನಯನ ತಾಕುಗಳಿವೆ. ಒಂದರಲ್ಲಿ ಆ ಭಾಗದ ರೈತರು ಹಿಂದಿನಿಂದ ಮಾಡಿಕೊಂಡು ಬಂದ ಪದ್ಧತಿಯನ್ನೇ ಮುಂದುವರಿಸಲಾಯಿತು. ಅಂದರೆ ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಬರಿದಾಗಿ ಬಿಟ್ಟು, ಕಳೆ ಬೆಳೆಯದಂತೆ ನೋಡಿಕೊಂಡು, ಹಿಂಗಾರಿಯಲ್ಲಿ ಜೋಳ ಇಲ್ಲವೇ ಕಡಲೆ ಬಿತ್ತುವುದು. ರಾಸಾಯನಿಕ ಗೊಬ್ಬರವಿಲ್ಲ, ಕೊಟ್ಟಿಗೆ ಗೊಬ್ಬರ ಮಾತ್ರ. ನಮ್ಮ ಎರೆ ಸೀಮೆಯವರಿಗೆ ಈ ಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ಕಾಲಿಟ್ಟರೆ ಅಂಟಿಕೊಳ್ಳುವುದರಿಂದ ಹಿರಿಯರು ಕುಂಟೆ ಹೊಡೆಯುತ್ತ ನೀರಿಂಗಿಸಿಕೊಂಡು ಹಿಂಗಾರಿಗೆ ಕಾಯುತ್ತಿದ್ದರು.

ಇನ್ನೊಂದು ತಾಕಿನಲ್ಲಿ ಅಗಲವಾದ ಮಡಿ, ಅದರ ಪಕ್ಕದಲ್ಲಿ ನೀರು ಹರಿಯಲು ಸಣ್ಣ ಬೋದು ಎಂಬಂತೆ ಭೂಮಿಯನ್ನು ಸಜ್ಜುಗೊಳಿಸಲಾಯಿತು. ಮಡಿಗಳು ವರ್ಷದಿಂದ ವರ್ಷಕ್ಕೆ ಅದೇ ಜಾಗದಲ್ಲಿ ಉಳಿಯುತ್ತವೆ. ಎತ್ತು ಮತ್ತು ಗಾಲಿ ನಡೆಯುವುದು ಬೋದಿನಲ್ಲಿ ಮಾತ್ರ. ಮಳೆ ಬೀಳುವ ಮುನ್ನವೇ ಒಣ ಮಣ್ಣಿನಲ್ಲಿ ಬಿತ್ತನೆ ಮಾಡಿ, ಜೋಳದೊಂದಿಗೆ ತೊಗರಿ, ಇಲ್ಲವೇ ಗೋವಿನಜೋಳದ ಹಿಂದೆ ಕಡಲೆ ಹೀಗೆ ಮುಂಗಾರು ಹಿಂಗಾರಿ ಎರಡೂ ಕಾಲದಲ್ಲಿ ಹೊಲ ಹಸಿರಾಗಿರುವಂತೆ ನೋಡಿಕೊಳ್ಳಲಾಯಿತು. ಮಿತ ಪ್ರಮಾಣದ ಗೊಬ್ಬರ ಕೊಟ್ಟು, ಬದುಗಳ ಮೇಲೆ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ ಬೆಳೆಸಿ ಅದರ ಸೊಪ್ಪನ್ನು ಹೊಲಕ್ಕೆ ಹಾಕಲಾಯಿತು.

ವಿಜ್ಞಾನಿ ಸುಹಾಸ್ ಪಿ. ವಾನಿ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಂಕಿಅಂಶಗಳು ಕಣ್ಣು ತೆರೆಸುವಂತಿವೆ. ಸುಧಾರಿತ ತಾಕಿನ ಸರಾಸರಿ ಇಳುವರಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 5 ಟನ್, ಹಳೆಯ ಪದ್ಧತಿಯ ತಾಕಿನದು ಸುಮಾರು 1 ಟನ್. ಹಳೆಯ ಪದ್ಧತಿಯಲ್ಲಿ ಪ್ರತಿ ಹೆಕ್ಟೇರಿನಿಂದ ವರ್ಷಕ್ಕೆ 6 ಟನ್ನಿಗೂ ಅಧಿಕ ಮಣ್ಣು ಕೊಚ್ಚಿಹೋದರೆ, ಸುಧಾರಿತ ತಾಕಿನಲ್ಲಿ ಅದು 2 ಟನ್ನಿಗಿಂತ ಕಡಿಮೆ. ಇಳುವರಿಗಿಂತಲೂ ಮುಖ್ಯವಾದುದು ಕಣ್ಣಿಗೆ ಕಾಣದ ಬದಲಾವಣೆ. 24 ವರ್ಷಗಳ ನಂತರ 120 ಸೆಂಟಿಮೀಟರ್ ಆಳದವರೆಗೆ ಅಳೆದಾಗ ಸುಧಾರಿತ ತಾಕಿನಲ್ಲಿ ಹೆಕ್ಟೇರಿಗೆ ಸುಮಾರು 7 ಟನ್ ಹೆಚ್ಚು ಸಾವಯವ ಇಂಗಾಲ ಶೇಖರವಾಗಿತ್ತು. ಸಾರಜನಕವೂ ಹೆಚ್ಚಾಗಿತ್ತು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಆ ತಾಕಿನಲ್ಲಿ ಭೂಮಿಯ ಸಿದ್ಧತೆ, ಬೆಳೆ, ಗೊಬ್ಬರ ಎಲ್ಲವೂ ಒಟ್ಟಿಗೆ ಬದಲಾದವು. ಆದ್ದರಿಂದ ಯಶಸ್ಸಿನ ಕೀರ್ತಿಯನ್ನು ಯಾವುದೇ ಒಂದಕ್ಕೆ ಕಟ್ಟುವಂತಿಲ್ಲ. ಹೊಲ ಬರಿದಾಗಿದ್ದರೆ ಮಣ್ಣು ಬಡವಾಗುತ್ತದೆ, ವರ್ಷವಿಡೀ ಬೇರು ಮತ್ತು ಎಲೆಯ ಹೊದಿಕೆ ಇದ್ದರೆ ಶ್ರೀಮಂತವಾಗುತ್ತದೆ ಎಂಬುದು ಮಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಅಸಲು ಮತ್ತು ಬಡ್ಡಿ

ಬ್ಯಾಂಕ್ ವ್ಯವಹಾರ ಬಲ್ಲ ಹೊರನಾಡ ಕನ್ನಡಿಗರಿಗೆ ಮಣ್ಣಿನ ಇಂಗಾಲವನ್ನು ಠೇವಣಿಗೆ ಹೋಲಿಸಿ ಹೇಳಿದರೆ ಸುಲಭವಾಗಿ ಅರ್ಥವಾದೀತು. ಒಂದು ಹೆಕ್ಟೇರಿನ, ಅಂದರೆ ಸುಮಾರು ಎರಡೂವರೆ ಎಕರೆಯ ಮೇಲ್ಭಾಗದ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 2,000 ಟನ್. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ 0.5 ಶೇಕಡಾ ಎಂದು ಬಂದರೆ ಅಷ್ಟು ಮಣ್ಣಿನಲ್ಲಿ 10 ಟನ್ ಇಂಗಾಲವಿದೆ ಎಂದರ್ಥ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲಿದ್ದರೆ ಉತ್ತಮ ಎಂಬುದು ಸಾಮಾನ್ಯವಾಗಿ ಅನುಸರಿಸುವ ಅಳತೆ.

ಮಣ್ಣಿನ ಸಾವಯವ ಅಂಶದಲ್ಲಿ ಪ್ರತಿ 10ರಿಂದ 12 ಕಿಲೋ ಇಂಗಾಲದೊಂದಿಗೆ ಸುಮಾರು 1 ಕಿಲೋ ಸಾರಜನಕ ಕೂಡಿಕೊಂಡಿರುತ್ತದೆ. ಆ ಲೆಕ್ಕದಲ್ಲಿ 10 ಟನ್ ಇಂಗಾಲದ ಜೊತೆ ಸುಮಾರು 900 ಕಿಲೋ ಸಾರಜನಕವಿರುತ್ತದೆ. ಇದು ಅಸಲು. ಮಣ್ಣಿನ ಸೂಕ್ಷ್ಮಜೀವಿಗಳು ವರ್ಷಕ್ಕೆ ಅದರ ಶೇಕಡಾ 2ರಿಂದ 3ರಷ್ಟನ್ನು ಬಿಡಿಸಿ ಬೆಳೆಗೆ ಕೊಡುತ್ತವೆ. ಇದು ಬಡ್ಡಿ. ಅಂದರೆ ವರ್ಷಕ್ಕೆ 20 ಕಿಲೋಗೂ ಹೆಚ್ಚು ಸಾರಜನಕ, 45 ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿರುವಷ್ಟು, ಖರ್ಚಿಲ್ಲದೆ ಸಿಗುತ್ತದೆ. ಅಸಲು ಅರ್ಧವಾದರೆ ಬಡ್ಡಿಯೂ ಅರ್ಧವಾಗುತ್ತದೆ. ಆಗ ಆ ಕೊರತೆಯನ್ನು ಅಂಗಡಿಯ ಗೊಬ್ಬರದಿಂದ ತುಂಬಬೇಕಾಗುತ್ತದೆ. 'ಮೊದಲಿನಷ್ಟು ಗೊಬ್ಬರ ಹಾಕಿದರೂ ಮೊದಲಿನಂತೆ ಬೆಳೆ ಬರುತ್ತಿಲ್ಲ' ಎಂಬ ಊರಿನವರ ಗೋಳಿಗೆ ಇದೂ ಒಂದು ಕಾರಣ.

ಉಳುಮೆ ಎಂಬ ಇಬ್ಬಾಯ ಕತ್ತಿ

ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟರೆ ಬೆಳಗಿನವರೆಗೂ ಉಳಿಯುತ್ತದೆ, ಕೆದಕಿದರೆ ಬೇಗ ಉರಿದುಹೋಗುತ್ತದೆ. ಮಣ್ಣಿನ ಇಂಗಾಲದ ಸ್ವಭಾವವೂ ಅಂಥದೇ. ಮಣ್ಣಿನ ಸಣ್ಣ ಸಣ್ಣ ಹರಳುಗಳ ಒಳಗೆ ಸಾವಯವ ಅಂಶ ಅಡಗಿ ಕುಳಿತಿರುತ್ತದೆ. ನೇಗಿಲು ಅಥವಾ ರೋಟವೇಟರ್ ಆ ಹರಳುಗಳನ್ನು ಒಡೆದಾಗ ಗಾಳಿ ಒಳಹೋಗುತ್ತದೆ, ಸೂಕ್ಷ್ಮಜೀವಿಗಳು ಚುರುಕಾಗುತ್ತವೆ, ಇಂಗಾಲ ಅನಿಲವಾಗಿ ಮೇಲಕ್ಕೆ ಹೋಗುತ್ತದೆ. ಜೊತೆಗಿದ್ದ ಸಾರಜನಕ ನೈಟ್ರೇಟ್ ಆಗಿ ಬಿಡುಗಡೆಯಾಗುತ್ತದೆ. ಬೇಸಿಗೆಯ ಬಿಸಿಲಿಗೆ ಒಣಗಿದ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಈ ಬಿಡುಗಡೆ ಒಮ್ಮೆಲೇ ಹೆಚ್ಚುತ್ತದೆ. ಆಗ ಹೊಲದಲ್ಲಿ ಅದನ್ನು ಹೀರಿಕೊಳ್ಳುವ ಬೇರೇ ಇಲ್ಲದಿದ್ದರೆ ನೈಟ್ರೇಟ್ ನೀರಿನೊಂದಿಗೆ ಕೆಳಗಿಳಿದುಹೋಗುತ್ತದೆ.

ಹಾಗೆಂದು ಉಳುಮೆಯನ್ನೇ ನಿಲ್ಲಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ಹೇಳುವಂತಿಲ್ಲ. ಅಮೆರಿಕದಲ್ಲಿ 1930ರ ದಶಕದ ಭೀಕರ ಧೂಳಿನ ಬಿರುಗಾಳಿಗಳ ನಂತರ ಅತಿಯಾದ ಉಳುಮೆಯ ವಿರುದ್ಧ ದನಿ ಎದ್ದಿತು. ಬ್ರೆಜಿಲ್ ದೇಶದ ಪರಾನಾ ರಾಜ್ಯದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ಕೃಷಿಕ 1972ರಲ್ಲಿ ಉಳದೆ ಬಿತ್ತುವ ಪದ್ಧತಿಯನ್ನು ಆರಂಭಿಸಿದ ಬಳಿಕ ಅದು ದಕ್ಷಿಣ ಅಮೆರಿಕದಲ್ಲಿ ವ್ಯಾಪಕವಾಯಿತು. ಮಣ್ಣಿನ ಸವಕಳಿ ತಗ್ಗಿದ್ದು, ಡೀಸೆಲ್ ಉಳಿದದ್ದು ನಿಜ. ಆದರೆ ಇಂಗಾಲದ ವಿಷಯದಲ್ಲಿ ಮೊದಲಿನ ಉತ್ಸಾಹ ಈಗಿಲ್ಲ. ಉಳದ ಹೊಲದಲ್ಲಿ ಮೇಲ್ಪದರದ 10-15 ಸೆಂಟಿಮೀಟರಿನಲ್ಲಿ ಇಂಗಾಲ ಹೆಚ್ಚಾದರೂ ಅದರ ಕೆಳಗೆ ಉಳುವ ಹೊಲದಲ್ಲೇ ಹೆಚ್ಚಿರುವುದು ಅನೇಕ ಕಡೆ ಕಂಡುಬಂದಿದೆ. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಅಲ್ಪವೆಂದು 2007ರಿಂದೀಚೆಗೆ ಹಲವು ವಿಜ್ಞಾನಿಗಳು ತೋರಿಸಿದ್ದಾರೆ.

ನಮ್ಮ ಕಡೆಯ ಮಸಾರಿ ಮಣ್ಣಿಗೆ ಇನ್ನೊಂದು ತೊಂದರೆಯಿದೆ. ಮಳೆಯ ಹೊಡೆತಕ್ಕೆ ಅದರ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮೇಲೆ ಹೊದಿಕೆಯೂ ಇಲ್ಲದೆ, ಉಳುಮೆಯನ್ನೂ ಬಿಟ್ಟರೆ ನೀರು ಇಂಗದೆ ಹರಿದುಹೋಗುತ್ತದೆ. ಎರೆ ಭೂಮಿಯಾದರೋ ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮೇಲಿನ ಮಣ್ಣನ್ನು ಬಿರುಕಿನೊಳಗೆ ಬೀಳಿಸಿಕೊಂಡು ತನ್ನನ್ನು ತಾನೇ ಅಷ್ಟಿಷ್ಟು ಉಳುಮೆ ಮಾಡಿಕೊಳ್ಳುವಂಥದು. ಇನ್ನು ಮಾಗಿ ಉಳುಮೆಯಿಂದ ಕಾಯಿಕೊರಕ ಹುಳುವಿನ ಕೋಶಗಳು ಬಿಸಿಲಿಗೆ ಬಿದ್ದು ಸಾಯುತ್ತವೆ ಎಂಬುದೂ ಸುಳ್ಳಲ್ಲ. ಆದ್ದರಿಂದ ಉಳಬೇಕೋ ಬೇಡವೋ ಎಂಬುದಕ್ಕಿಂತ ಎಷ್ಟು ಸಲ, ಯಾವಾಗ, ಯಾವ ಸಾಧನದಿಂದ ಎಂಬ ಪ್ರಶ್ನೆಯೇ ಸರಿಯಾದುದು. ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಮಣ್ಣನ್ನು ಹಿಟ್ಟಿನಂತೆ ಪುಡಿಮಾಡುವುದು ಹಣ ಕೊಟ್ಟು ಠೇವಣಿ ಕರಗಿಸಿದಂತೆ.

ಹೊದಿಕೆ ಬೆಳೆಯ ಕೊಡುಗೆ

ಮುಖ್ಯ ಬೆಳೆಯಿಲ್ಲದ ಕಾಲದಲ್ಲಿ ಮಣ್ಣನ್ನು ಮುಚ್ಚಿಡಲೆಂದೇ ಬೆಳೆಯುವ ಬೆಳೆಗೆ ಹೊದಿಕೆ ಬೆಳೆ ಎನ್ನುತ್ತಾರೆ. ಸೆಣಬು, ಡಯಾಂಚ, ಹುರುಳಿ, ಅಲಸಂದೆ, ಹೆಸರು ಇವೆಲ್ಲ ಈ ಕೆಲಸಕ್ಕೆ ಬರುವಂಥವೇ. ಜರ್ಮನಿಯ ಇಬ್ಬರು ವಿಜ್ಞಾನಿಗಳು 2015ರಲ್ಲಿ ವಿವಿಧ ದೇಶಗಳ 37 ತಾಣಗಳ ಮಾಹಿತಿಯನ್ನು ಒಟ್ಟುಗೂಡಿಸಿ, ಹೊದಿಕೆ ಬೆಳೆಯಿಂದ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 0.32 ಟನ್ ಇಂಗಾಲ ಮಣ್ಣು ಸೇರುತ್ತದೆಂದು ಲೆಕ್ಕ ಹಾಕಿದರು. ಪಟಂಚೇರಿನ 24 ವರ್ಷಗಳ ಲೆಕ್ಕವನ್ನು ಭಾಗಿಸಿ ನೋಡಿದರೂ ವರ್ಷಕ್ಕೆ ಸುಮಾರು 0.3 ಟನ್ನೇ ಬರುತ್ತದೆ ಎಂಬುದು ಗಮನಾರ್ಹ. ಇದು ನಿಧಾನದ ಕೆಲಸ. ಅಷ್ಟೂ ಇಂಗಾಲ ಮೇಲ್ಪದರದಲ್ಲೇ ಉಳಿದರೂ 0.4 ಶೇಕಡಾ ಇರುವ ಹೊಲ 0.5ಕ್ಕೆ ಬರಲು ಆರೇಳು ವರ್ಷ ಬೇಕು.

ಇಲ್ಲಿ ಸಾರಜನಕದ ಪಾತ್ರ ದೊಡ್ಡದು. 300 ಕಿಲೋ ಇಂಗಾಲ ಮಣ್ಣಿನಲ್ಲಿ ನೆಲೆಯೂರಬೇಕಾದರೆ ಜೊತೆಗೆ 25ರಿಂದ 30 ಕಿಲೋ ಸಾರಜನಕ ಬೇಕೇಬೇಕು. ಜೋಳದ ದಂಟು, ಭತ್ತದ ಹುಲ್ಲಿನಂಥ ಒಣ ಕೂಳೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಅತ್ಯಲ್ಪ. ಅದನ್ನು ಬಿತ್ತನೆಗೆ ಸ್ವಲ್ಪ ಮುಂಚೆ ಮಣ್ಣಿಗೆ ಸೇರಿಸಿದರೆ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಎಳೆಯ ಪೈರು ಹಳದಿಯಾಗುತ್ತದೆ. ದ್ವಿದಳ ಬೆಳೆಗಳಾದರೆ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನೇ ಹಿಡಿದಿಡುತ್ತವೆ. ಚೆನ್ನಾಗಿ ಬೆಳೆದ ಡಯಾಂಚ ಅಥವಾ ಸೆಣಬನ್ನು 45ರಿಂದ 50 ದಿನಕ್ಕೆ, ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಹೆಕ್ಟೇರಿಗೆ 60 ಕಿಲೋವರೆಗೂ ಸಾರಜನಕ ಸಿಗಬಲ್ಲದು. ಅಂದರೆ ಎಕರೆಗೆ ಒಂದು ಚೀಲ ಯೂರಿಯಾಕ್ಕಿಂತ ಸ್ವಲ್ಪ ಹೆಚ್ಚೇ. ತಡಮಾಡಿ ದಂಟು ಬಲಿತ ಮೇಲೆ ಸೇರಿಸಿದರೆ ಅದು ಬೇಗ ಕೊಳೆಯುವುದಿಲ್ಲ.

ಕಟ್ಟಿಗೆ, ಕಣಿಕೆ ಎಲ್ಲವೂ ಒಲೆಗೆ ಮತ್ತು ದನಕ್ಕೆ ಹೋಗುವ ನಮ್ಮ ಊರುಗಳಲ್ಲಿ ಬೇರೇ ಆಸರೆ. ಸ್ವೀಡನ್‌ನ ಉಲ್ಟುನಾದಲ್ಲಿ 1956ರಿಂದ ನಡೆದ ದೀರ್ಘ ಪ್ರಯೋಗವು ಬೇರಿನ ಇಂಗಾಲ ಎಲೆ ಕಾಂಡದ ಇಂಗಾಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮಣ್ಣಿನಲ್ಲಿ ಉಳಿಯುತ್ತದೆಂದು ತೋರಿಸಿದೆ. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಈ ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ಆಳಕ್ಕಿಳಿಯುವ ಬೇರು, ಕಾಲಕಾಲಕ್ಕೆ ಉದುರುವ ಎಲೆ ಎರಡನ್ನೂ ಅದು ಹೊಲಕ್ಕೆ ಬಿಟ್ಟುಹೋಗುತ್ತದೆ.

ಸೀಮೆಗೆ ತಕ್ಕ ಕ್ರಮ

ಹೊದಿಕೆ ಬೆಳೆಗೂ ನೀರು ಬೇಕು. ವಿಜಯಪುರದಂಥ ಕಡಿಮೆ ಮಳೆಯ ಸೀಮೆಯಲ್ಲಿ ಅದು ಹಿಂಗಾರಿ ಜೋಳದ ಪಾಲಿನ ತೇವವನ್ನು ಕುಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಗದಗ, ಧಾರವಾಡದ ರೈತರು ಮುಂಗಾರಿನಲ್ಲಿ 60-65 ದಿನದ ಹೆಸರು ಬಿತ್ತಿ, ಕಾಯಿ ಬಿಡಿಸಿಕೊಂಡು, ಗಿಡವನ್ನು ಮಣ್ಣಿಗೆ ಸೇರಿಸಿ ಹಿಂಗಾರಿಗೆ ಜೋಳ ಅಥವಾ ಕಡಲೆ ಹಾಕುವ ಕ್ರಮ ಇದಕ್ಕೆ ಒಳ್ಳೆಯ ಪರಿಹಾರ. ಕೈಗೆ ಕಾಳೂ ಬರುತ್ತದೆ, ನೆಲಕ್ಕೆ ಹೊದಿಕೆಯೂ ಆಗುತ್ತದೆ. ಮಳೆ ತೀರ ಕೈಕೊಟ್ಟ ವರ್ಷ ಹಿರಿಯರ ಕುಂಟೆಯ ಪದ್ಧತಿಯೇ ಲೇಸು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ನಿಲ್ಲಿಸುವ ವಾಡಿಕೆಯನ್ನಂತೂ ಯಾವ ಕಾರಣಕ್ಕೂ ಬಿಡಬಾರದು.

ಮುಂಬಯಿ, ಪುಣೆಯಲ್ಲಿ ನೆಲೆಸಿರುವ ಕರಾವಳಿಯವರ ಸಮಸ್ಯೆ ಬೇರೆ. ಉಡುಪಿ, ದಕ್ಷಿಣ ಕನ್ನಡದ ಅನೇಕ ಗದ್ದೆಗಳು ಆಳುಗಳ ಅಭಾವದಿಂದ ಹಡಿಲು ಬಿದ್ದಿವೆ. 2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಕೃಷಿ ಆಂದೋಲನ ಇದನ್ನು ಎಲ್ಲರ ಗಮನಕ್ಕೆ ತಂದಿತು. ಹಡಿಲು ಬಿಟ್ಟ ಗದ್ದೆಯನ್ನು ಉಳುವವರಿಲ್ಲ, ಹುಲ್ಲು ಬೆಳೆದು ಕೊಳೆಯುತ್ತದೆ. ಆದ್ದರಿಂದ ಇಂಗಾಲ ಅಲ್ಲಿ ಕೂಡಲೇ ಕರಗುವುದಿಲ್ಲ. ಕೆಡುವುದು ಕಟ್ಟಪುಣಿ, ನೀರಿನ ತೋಡು. ಅದಕ್ಕಿಂತ ಹೆಚ್ಚು ನಷ್ಟವಾಗುವುದು ಬೇಸಾಯ ಮಾಡುವ ಗದ್ದೆಯಲ್ಲಿ: ಏಣೆಲು ಕೊಯ್ಲಿನ ಬಳಿಕ ಬರಿದಾಗಿ ಬಿಟ್ಟು, ಮಳೆಗಾಲದ ಆರಂಭದಲ್ಲಿ ಟಿಲ್ಲರ್ ಓಡಿಸಿದ ಕೂಡಲೇ ಸುರಿಯುವ ಧಾರಾಕಾರ ಮಳೆಗೆ ನೈಟ್ರೇಟ್ ತೊಳೆದುಹೋಗುತ್ತದೆ. ಕೊಯ್ಲಾದ ತಕ್ಷಣ ಉಳಿದ ತೇವದಲ್ಲೇ ಉದ್ದು, ಹುರುಳಿ, ಅಲಸಂಡೆ ಬಿತ್ತುತ್ತಿದ್ದ ಹಿರಿಯರ ಕ್ರಮ ಹೊದಿಕೆ ಬೆಳೆಯಲ್ಲದೆ ಮತ್ತೇನೂ ಅಲ್ಲ. ಬಿಟ್ಟ ದನಗಳ ಕಾಟ ತಡೆಯಲು ನೆರೆಹೊರೆಯ ನಾಲ್ಕಾರು ಮನೆಯವರು ಒಟ್ಟಾಗಬೇಕು ಅಷ್ಟೇ.

ದಿಲ್ಲಿಯ ಕನ್ನಡಿಗರಿಗೆ ಅಕ್ಟೋಬರ್, ನವೆಂಬರ್ ತಿಂಗಳ ಹೊಗೆಯ ಅನುಭವವಿದೆ. ಅದಕ್ಕೆ ಒಂದು ಕಾರಣವಾದ ಭತ್ತದ ಕೂಳೆಯ ಪ್ರತಿ ಟನ್ನಿನಲ್ಲಿ ಸುಮಾರು 400 ಕಿಲೋ ಇಂಗಾಲ, 5 ಕಿಲೋಗೂ ಹೆಚ್ಚು ಸಾರಜನಕ ಇರುತ್ತದೆ. ಸುಟ್ಟಾಗ ಇಂಗಾಲ ಬಹುತೇಕ ಪೂರ್ತಿಯಾಗಿ, ಸಾರಜನಕ ಬಹುಪಾಲು ಗಾಳಿಗೆ ಹೋಗುತ್ತದೆ. ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್ ಯಂತ್ರ ಬಂದದ್ದು ಈ ನಷ್ಟವನ್ನು ತಪ್ಪಿಸಲೆಂದೇ. ಊರಿನಲ್ಲಿ ಕಬ್ಬಿನ ರವದಿ, ಹತ್ತಿಕಟ್ಟಿಗೆಗೆ ಬೆಂಕಿ ಹಚ್ಚುವವರಿಗೂ ಈ ಮಾತು ಅನ್ವಯಿಸುತ್ತದೆ.

ದೂರವಿರುವ ಒಡೆಯರ ಹೊಣೆ

ಇಷ್ಟೆಲ್ಲ ತಿಳಿದಿದ್ದರೂ ಊರಿನಲ್ಲಿ ಇದು ಏಕೆ ನಡೆಯುತ್ತಿಲ್ಲ? ಉತ್ತರ ಬಹುಮಟ್ಟಿಗೆ ನಗರದಲ್ಲಿರುವ ಒಡೆಯರ ಕೈಯಲ್ಲಿದೆ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ತಡೆಯಿದೆ. ಆದ್ದರಿಂದ ಎಷ್ಟೋ ಕಡೆ ವ್ಯವಹಾರ ಬಾಯಿಮಾತಿನಲ್ಲಿ, ಒಂದೊಂದು ವರ್ಷದ ಮಟ್ಟಿಗೆ ನಡೆಯುತ್ತದೆ. ಈ ವರ್ಷ ಒಬ್ಬರು, ಮುಂದಿನ ವರ್ಷ ಇನ್ನೊಬ್ಬರು. ಆರೇಳು ವರ್ಷದ ನಂತರ ಫಲ ಕೊಡುವ ಕೆಲಸಕ್ಕೆ ಒಂದು ವರ್ಷದ ಮಟ್ಟಿಗೆ ಬಂದವರು ಏಕೆ ಕೈಹಾಕಿಯಾರು? ಅವರು ಬಡ್ಡಿಯ ಜೊತೆ ಅಸಲನ್ನೂ ತೆಗೆದುಕೊಂಡರೆ ಅದು ಅವರೊಬ್ಬರ ತಪ್ಪಲ್ಲ.

ಕಾನೂನಿನ ಚೌಕಟ್ಟಿನೊಳಗೇ ಮಾಡಬಹುದಾದ ಕೆಲಸ ಸಾಕಷ್ಟಿದೆ. ಸ್ವಂತ ಸಾಗುವಳಿಯಾಗಲಿ, ಅಣ್ಣತಮ್ಮಂದಿರ ಜೊತೆಗಿನ ಹೊಂದಾಣಿಕೆಯಾಗಲಿ, ಹೆಸರು, ಡಯಾಂಚ ಬೀಜದ ಖರ್ಚನ್ನು ನಗರದಲ್ಲಿರುವವರು ವಹಿಸಿಕೊಳ್ಳಬಹುದು. ಹೊಲ ನೋಡಿಕೊಳ್ಳುವವರಿಗೆ 'ಮುಂದಿನ ಐದಾರು ವರ್ಷವೂ ನೀವೇ ನೋಡಿಕೊಳ್ಳಿ' ಎಂಬ ಭರವಸೆ ಕೊಡಬಹುದು. ಹಸಿರೆಲೆ ಗೊಬ್ಬರದ ಬೀಜಕ್ಕಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಎಲ್ಲಕ್ಕಿಂತ ಮೊದಲು ಮಣ್ಣಿನ ಪರೀಕ್ಷೆ ಆಗಬೇಕು. ಬೇಸಿಗೆ ರಜೆಗೆ ಊರಿಗೆ ಹೋದಾಗ, ಹೊಲಕ್ಕೆ ಗೊಬ್ಬರ ಹಾಕುವ ಮುನ್ನ, ಬದು, ಮರದ ನೆರಳು, ತಿಪ್ಪೆ ಇರುವ ಜಾಗ ಬಿಟ್ಟು ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ಅಂಚಿನ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಕೊಟ್ಟರೆ ಸಾವಯವ ಇಂಗಾಲದ ಅಂಕಿ ಸಿಗುತ್ತದೆ. ಆ ಚೀಟಿಯನ್ನು ಪಹಣಿ ಪತ್ರದೊಂದಿಗೆ ಜೋಪಾನವಾಗಿಟ್ಟು, ಮೂರು ವರ್ಷಕ್ಕೊಮ್ಮೆ ಅದೇ ಹೊಲದ ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿಸಿ ಹೋಲಿಸಬೇಕು.

ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿ, ವಿದ್ಯಾರ್ಥಿ ವೇತನ ಎಂದು ಹಲವು ಕಾರ್ಯಕ್ರಮಗಳನ್ನು ವರ್ಷವಿಡೀ ಹಮ್ಮಿಕೊಳ್ಳುತ್ತಿರುವುದು ಅಭಿನಂದನೀಯ. ಡಿಸೆಂಬರ್ 5ರಂದು ಆಚರಿಸಲಾಗುವ ವಿಶ್ವ ಮಣ್ಣಿನ ದಿನದ ಸಂದರ್ಭದಲ್ಲಿ ಊರಿನಲ್ಲಿ ಹೊಲವುಳ್ಳ ಸದಸ್ಯರನ್ನು ಒಂದೆಡೆ ಸೇರಿಸಿ, ಕೃಷಿ ವಿಜ್ಞಾನಿಯೊಬ್ಬರನ್ನು ಕರೆಸಿ ಒಂದು ಸಂಜೆ ಮಾತುಕತೆ ಏರ್ಪಡಿಸಿದರೆ ಹೆಚ್ಚಿನ ಖರ್ಚೇನೂ ಬೀಳದು. ಭಾಷೆಯನ್ನು ಮಕ್ಕಳಿಗೆ ದಾಟಿಸಲು ಇಷ್ಟೊಂದು ಶ್ರಮಿಸುವವರು ಹಿರಿಯರ ಹೊಲವನ್ನೂ ತಮಗೆ ಸಿಕ್ಕಿದ್ದಕ್ಕಿಂತ ಬಡವಾಗದಂತೆ ದಾಟಿಸಲಿ. ಅದಕ್ಕೆ ಬೇಕಾದದ್ದು ಒಂದು ಮಣ್ಣಿನ ಚೀಟಿ, ಒಂದೆರಡು ಚೀಲ ಬೀಜ ಮತ್ತು ಆರೇಳು ವರ್ಷಗಳ ತಾಳ್ಮೆ.